ಲೆಕ್ಕ ತಪ್ಪದ ಅಕೌಂಟೆಂಟು: ಹಾರ್ಟ್ ಆಫ್ ಡಾರ್ಕ್‌ನೆಸ್ ಒಳಗಿನ ಕತ್ತಲು ಯಾರದ್ದು?

ಹಾರ್ಟ್ ಆಫ್ ಡಾರ್ಕ್‌ನೆಸ್ ಅನ್ನೋ ಜೋಸೆಫ್ ಕಾನ್ರಾಡ್ ಕಾದಂಬರಿ ಅಂದ ತಕ್ಷಣ ಎಲ್ರೂ ಕರ್ಟ್ಜ್ ಬಗ್ಗೆ ಶುರು ಹಚ್ಕೋತಾರೆ. ಕಾಡೊಳಗೆ ಹೋಗಿ ತಲೆ ಕೆಟ್ಟ ಬಿಳಿಯ, ಮನೆ ಮುಂದೆ ಗೂಟಗಳ ಮೇಲೆ ಸಿಕ್ಕಿಸಿದ ತಲೆಗಳು, ಸಾಯೋವಾಗ ಎರಡು ಸಲ "ಘೋರ, ಘೋರ" ಅಂದ, ಮುಗೀತು. ನಾನೂ ಎಂಎ ಓದೋವಾಗ ಗೈಡ್ ಇಟ್ಕೊಂಡು ಇಷ್ಟನ್ನೇ ನಾಲ್ಕು ಪುಟಕ್ಕೆ ಎಳೆದು ಪಾಸಾಗಿದ್ದೆ. ಎಷ್ಟೋ ವರ್ಷ ಆದಮೇಲೆ ಮತ್ತೆ ಕೂತು ನಿಧಾನಕ್ಕೆ ಓದಿದಾಗ ನನ್ನ ಹೊಟ್ಟೆ ತೊಳೆಸಿದ್ದು ಬೇರೆಯವನು, ಮೊದಲ ಭಾಗದಲ್ಲಿ ಒಂದ್ನಾಲ್ಕು ಪುಟ ಬಂದು ಹೋಗೋ ಒಬ್ಬ ಅಕೌಂಟೆಂಟು.

ಆ ಜಾಗ ಹೇಗಿದೆ ಅಂತ ಸ್ವಲ್ಪ ಕಲ್ಪಿಸ್ಕೊಳ್ಳಿ. ಆಫ್ರಿಕಾದ ಒಂದು ನದಿ ದಡದಲ್ಲಿ ದಂತ ವ್ಯಾಪಾರದ ಯುರೋಪಿಯನ್ ಕಂಪನಿಯ ಸ್ಟೇಷನ್ನು. ಕಥೆ ಹೇಳ್ತಿರೋ ನಾವಿಕ ಮಾರ್ಲೋ ಅಲ್ಲಿ ಇಳಿದು ಗುಡ್ಡ ಹತ್ತುವಾಗ ಆರು ಜನ ಕರಿಯರು ತಲೆ ಮೇಲೆ ಮಣ್ಣಿನ ಬುಟ್ಟಿ ಹೊತ್ಕೊಂಡು ಸಾಲಾಗಿ ಬರ್ತಾರೆ, ಕುತ್ತಿಗೆಗೆ ಕಬ್ಬಿಣದ ಪಟ್ಟಿ, ಪಟ್ಟಿಯಿಂದ ಪಟ್ಟಿಗೆ ಸರಪಳಿ, ಪಕ್ಕೆಲುಬು ಎಣಿಸಬಹುದು. ಅವರನ್ನ ನೋಡೋಕಾಗದೆ ಮಾರ್ಲೋ ನೆರಳಿಗೆ ಅಂತ ಮರಗಳ ಕೆಳಗೆ ಹೋದ್ರೆ ಅಲ್ಲಿ ಇನ್ನೂ ಕೆಟ್ಟದ್ದು. ಕೆಲಸ ಮಾಡೋ ಶಕ್ತಿ ಮುಗಿದವರನ್ನ ಸಾಯೋಕೆ ಅಂತ ಬಿಟ್ಟಿರೋ ಜಾಗ ಅದು. ಒಬ್ಬ ಹುಡುಗನ ಕುತ್ತಿಗೆಗೆ ಒಂದು ಬಿಳೀ ಉಣ್ಣೆ ದಾರ ಕಟ್ಟಿದೆ, ಅದು ಯಾಕೆ, ತಾಯತವೋ ಒಡವೆಯೋ ಹರಕೆಯೋ ಮಾರ್ಲೋಗೆ ಗೊತ್ತಾಗಲ್ಲ. ಜೇಬಲ್ಲಿದ್ದ ಬಿಸ್ಕತ್ತು ಕೊಟ್ಟು ಎದ್ದು ಬರ್ತಾನೆ. ಬಂದವನಿಗೆ ಎದುರಾಗೋನೇ ನಮ್ಮ ಅಕೌಂಟೆಂಟು. ಗಂಜಿ ಹಾಕಿ ನಿಗುರಿಸಿದ ಕಾಲರು, ಬಿಳೀ ಕಫ್ಫು, ಹೊಳೆಯೋ ಬೂಟು, ಎಣ್ಣೆ ಹಚ್ಚಿ ಬೈತಲೆ ತೆಗೆದು ಬಾಚಿದ ತಲೆ, ಕಿವಿ ಮೇಲೆ ಪೆನ್ನು. ಆ ಕಾಡಲ್ಲಿ ಬಟ್ಟೆ ಹೀಗೆ ಹೇಗೆ ಇಟ್ಕೊಂಡಿದೀಯ ಮಾರಾಯ ಅಂತ ಕೇಳಿದ್ರೆ, ಇಲ್ಲಿನ ಒಬ್ಬ ಹೆಂಗಸಿಗೆ ಕಲಿಸಿದೀನಿ, ಕಷ್ಟ ಆಯ್ತು, ಅವಳಿಗೆ ಈ ಕೆಲಸ ಇಷ್ಟ ಇರಲಿಲ್ಲ ಅಂತಾನೆ.

ಅವನ ಪುಸ್ತಕಗಳು ಮಾತ್ರ ಅಚ್ಚುಕಟ್ಟು, ಒಂದು ಕಾಸಿನ ವ್ಯತ್ಯಾಸ ಇಲ್ಲ. ಅವನ ಆಫೀಸಿನೊಳಗೆ ಒಬ್ಬ ಕಾಯಿಲೆ ಬಿದ್ದ ಏಜೆಂಟನ್ನ ಮಂಚದ ಮೇಲೆ ಮಲಗಿಸಿದಾರೆ, ಅವನು ನರಳ್ತಾ ಇದ್ರೆ ಗಮನ ಬೇರೆ ಕಡೆ ಹೋಗಿ ಎಂಟ್ರಿ ತಪ್ಪಾಗುತ್ತೆ ಅಂತ ಇವನ ದೂರು. ಹೊರಗೆ ಹೊರೆಯಾಳುಗಳ ಗಲಾಟೆ ಕೇಳಿದಾಗ ಒಂದು ಮಾತು ಹೇಳ್ತಾನೆ, ಲೆಕ್ಕ ಸರಿಯಾಗಿ ಬರೀಬೇಕು ಅಂದ್ರೆ ಈ ಕಾಡುಜನರ ಮೇಲೆ ದ್ವೇಷ ಹುಟ್ಟುತ್ತೆ, ಸಾಯುವಷ್ಟು ದ್ವೇಷ ಅಂತ. ಹುಡುಗ ಸಾಯ್ತಿರೋ ಆ ಮರಗಳು ಇವನ ಬಾಗಿಲಿಂದ ಐವತ್ತು ಅಡಿ ಕೆಳಗೆ ಕಾಣುತ್ತೆ. ಅಷ್ಟೇ ದೂರ.

ನನ್ನ ಪ್ರಕಾರ ಈ ಪುಸ್ತಕದ ಕೆಡುಕು ಏನು ಅಂತ ಗೊತ್ತಾಗ್ಬೇಕು ಅಂದ್ರೆ ಕರ್ಟ್ಜ್ ಹತ್ರ ಓಡೋದಕ್ಕೆ ಮುಂಚೆ ಇವನ ಮೇಜಿನ ಮುಂದೆ ಸ್ವಲ್ಪ ಹೊತ್ತು ನಿಲ್ಬೇಕು. ಯಾಕೆ ಅಂತ ಹೇಳ್ತೀನಿ, ಅದಕ್ಕೆ ಮುಂಚೆ ಸ್ವಲ್ಪ ಹಿನ್ನೆಲೆ.

ಬರೆದವನು ಜೋಸೆಫ್ ಕಾನ್ರಾಡ್. ಹುಟ್ಟಿದ್ದು 1857ರಲ್ಲಿ, ಈಗ ಯುಕ್ರೇನ್‌ನಲ್ಲಿರೋ ಬೆರ್ಡಿಚಿವ್‌ನಲ್ಲಿ, ಪೋಲಿಷ್ ಕುಟುಂಬ, ಆಗ ಅದೆಲ್ಲ ರಷ್ಯನ್ ಸಾಮ್ರಾಜ್ಯದ ಕೈಕೆಳಗೆ. ಅಪ್ಪ ರಷ್ಯದ ವಿರುದ್ಧ ರಾಜಕೀಯ ಮಾಡಿದ್ದಕ್ಕೆ ಇಡೀ ಮನೆಯವರನ್ನ ಉತ್ತರದ ಚಳಿ ಊರಿಗೆ ಗಡಿಪಾರು ಮಾಡಿದ್ರು, ಹುಡುಗನಿಗೆ ಹನ್ನೆರಡು ವರ್ಷ ಆಗೋದ್ರೊಳಗೆ ಅಪ್ಪ ಅಮ್ಮ ಇಬ್ರೂ ಹೋಗಿದ್ರು. ಅಂದ್ರೆ ಸಾಮ್ರಾಜ್ಯ ಅನ್ನೋದನ್ನ ಕೆಳಗಿಂದ ನೋಡಿದವನು ಇವನು, ಇದನ್ನ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ. ಹದಿನಾರು ಹದಿನೇಳಕ್ಕೆ ಹಡಗು ಹತ್ತಿದ, ಇಂಗ್ಲಿಷ್ ಕಲಿತಿದ್ದು ಇಪ್ಪತ್ತು ದಾಟಿದ ಮೇಲೆ, ಅದು ಅವನಿಗೆ ಪೋಲಿಷ್, ಫ್ರೆಂಚ್ ಆದಮೇಲೆ ಮೂರನೇ ಭಾಷೆ, ಅದರಲ್ಲೇ ಹೀಗೆ ಬರೆದ ಅನ್ನೋದು ಈಗ್ಲೂ ನನಗೆ ಹೊಟ್ಟೆಕಿಚ್ಚು ಬರಿಸೋ ವಿಷ್ಯ.

1890ರಲ್ಲಿ ಒಂದು ಬೆಲ್ಜಿಯನ್ ಕಂಪನಿ ಪರವಾಗಿ ಸ್ಟೀಮರ್ ಓಡಿಸೋಕೆ ಕಾಂಗೋಗೆ ಹೋದ. ಆಗ ಕಾಂಗೋ ಯಾವ ದೇಶದ್ದೂ ಅಲ್ಲ, ಒಬ್ಬ ಮನುಷ್ಯನದ್ದು. ಬೆಲ್ಜಿಯಂ ರಾಜ ಎರಡನೇ ಲಿಯೋಪೋಲ್ಡ್, 1884-85ರ ಬರ್ಲಿನ್ ಸಮ್ಮೇಳನದ ಹೊತ್ತಿಗೆ ಯುರೋಪಿನ ದೇಶಗಳನ್ನ ಒಪ್ಪಿಸಿ, ಗುಲಾಮರ ವ್ಯಾಪಾರ ನಿಲ್ಲಿಸ್ತೀನಿ, ನಾಗರಿಕತೆ ತರ್ತೀನಿ ಅಂತ ಪುಂಗಿ ಊದಿ, ಬೆಲ್ಜಿಯಂನ ಸುಮಾರು 76 ಪಟ್ಟು ದೊಡ್ಡದಿದ್ದ ನೆಲವನ್ನ ಸ್ವಂತ ಜಹಗೀರು ಮಾಡ್ಕೊಂಡ. ಹೆಸರು ಏನು ಗೊತ್ತಾ, ಕಾಂಗೋ ಫ್ರೀ ಸ್ಟೇಟ್, ಸ್ವತಂತ್ರ ಕಾಂಗೋ! ಆ ಪುಣ್ಯಾತ್ಮ ಜೀವನದಲ್ಲಿ ಒಂದು ಸಲಾನೂ ಅಲ್ಲಿಗೆ ಕಾಲಿಡಲಿಲ್ಲ.

ಕಾನ್ರಾಡ್ ಮತಾಡಿ ಅನ್ನೋ ಬಂದರಲ್ಲಿ ಸುಮಾರು ಎರಡು ವಾರ ಕೊಳೆತ. ಅಲ್ಲಿ ಬರೆದ ಡೈರಿ ಉಳ್ಕೊಂಡಿದೆ, ಅದರಲ್ಲಿ ಒಂದು ಕಡೆ ಪೀಪಾಯಿಗಳಿಗೆ ಆನೆದಂತ ತುಂಬ್ತಾ ಇದೀನಿ, ಮುಠ್ಠಾಳ ಕೆಲಸ ಅಂತ ಬರ್ಕೊಂಡಿದಾನೆ. ಇದು ನನಗೆ ತುಂಬ ಮುಖ್ಯ ಅನ್ಸುತ್ತೆ, ಯಾಕಂದ್ರೆ ಆಮೇಲೆ ಕಾದಂಬರಿಯಲ್ಲಿ ಯಾವ ದಂತದ ಆಸೆಯನ್ನ ಅವನು ಜಾಲಾಡಿದನೋ ಆ ದಂತವನ್ನ ಅವನ ಕೈಯಾರೆ ತುಂಬಿದ್ದ, ದೂರ ನಿಂತು ಬೈದವನಲ್ಲ. ಅಲ್ಲಿಂದ ನದಿಯಲ್ಲಿ ಜಲಪಾತಗಳಿರೋದ್ರಿಂದ ಹಡಗು ಹೋಗಲ್ಲ, ಸುಮಾರು 370 ಕಿಲೋಮೀಟರು ನಡ್ಕೊಂಡು ಈಗಿನ ಕಿನ್ಶಾಸಾ ಕಡೆಗೆ ಹೋಗ್ಬೇಕು, 36 ದಿನ ಹಿಡೀತು. ದಾರಿಯಲ್ಲಿ ಕಂಡ ಹೆಣ, ಗುಂಡು ಹೊಡೆದಿದ್ರಾ ಅನ್ನೋ ಪ್ರಶ್ನೆ, ವಾಸನೆ, ಕಂಬಕ್ಕೆ ಕಟ್ಟಿದ ಅಸ್ಥಿಪಂಜರ, ಎಲ್ಲ ಡೈರಿಯಲ್ಲಿ ಒಂದೊಂದು ಸಾಲಲ್ಲಿ ಇದೆ. ಸ್ಟೀಮರಲ್ಲಿ ಈಗಿನ ಕಿಸಂಗಾನಿವರೆಗೂ ಹೋಗಿ ಬರುವಾಗ ಕಾಯಿಲೆ ಬಿದ್ದಿದ್ದ ಕ್ಲೈನ್ ಅನ್ನೋ ಏಜೆಂಟನ್ನ ಹತ್ತಿಸಿಕೊಂಡು ಬಂದ್ರು, ಅವನು ದಾರಿಯಲ್ಲೇ ಸತ್ತ. ಕಾದಂಬರಿಯ ಕೈಬರಹದಲ್ಲಿ ಕರ್ಟ್ಜ್ ಹೆಸರು ಮೊದಲಿಗೆ ಕ್ಲೈನ್ ಅಂತಲೇ ಇತ್ತು. ಮೂರು ವರ್ಷಕ್ಕೆ ಅಂತ ಹೋದ ಕಾನ್ರಾಡ್ ಆರು ತಿಂಗಳಿಗೆ ಭೇದಿ, ಜ್ವರ ಹಿಡಿಸ್ಕೊಂಡು ವಾಪಸ್. 1899ರಲ್ಲಿ ಎಡಿನ್‌ಬರೋದ ಬ್ಲಾಕ್‌ವುಡ್ಸ್ ಮ್ಯಾಗಜೀನಲ್ಲಿ ಮೂರು ಕಂತಲ್ಲಿ ಕಥೆ ಬಂತು, 1902ರಲ್ಲಿ ಪುಸ್ತಕದೊಳಗೆ ಸೇರ್ತು.

ಈಗ ಕಥೆ ಹೇಳೋ ರೀತಿ. ಇದನ್ನ ಸುಮಾರು ಜನ ದಾಟಿಸಿ ಓದ್ತಾರೆ, ದಾಟಿಸಬಾರದು. ಲಂಡನ್ ಹತ್ರ ಥೇಮ್ಸ್ ನದಿಯಲ್ಲಿ ಒಂದು ಸಣ್ಣ ಹಾಯಿದೋಣಿ, ಸಂಜೆ, ನೀರಿನ ಉಬ್ಬರ ಇಳಿಯೋದನ್ನ ಕಾಯ್ತಾ ಐದು ಜನ ಕೂತಿದಾರೆ. ಕಂಪನಿ ಡೈರೆಕ್ಟರ್ ಒಬ್ಬ, ಲಾಯರ್ ಒಬ್ಬ, ಅಕೌಂಟೆಂಟ್ ಒಬ್ಬ (ನೋಡಿ, ಇಲ್ಲೂ ಒಬ್ಬ ಲೆಕ್ಕದವನು!), ಮಾರ್ಲೋ, ಮತ್ತೆ ಇದನ್ನೆಲ್ಲ ನಮಗೆ ದಾಟಿಸ್ತಿರೋ ಹೆಸರಿಲ್ಲದ ಇನ್ನೊಬ್ಬ. ಆ ಅಕೌಂಟೆಂಟು ಡಾಮಿನೋ ಆಟದ ಡಬ್ಬಿ ತಂದು ಬಿಲ್ಲೆಗಳನ್ನ ಜೋಡಿಸ್ತಾ ಕೂತಿದಾನೆ. ಆ ಕಾಲದ ಡಾಮಿನೋ ಬಿಲ್ಲೆ ಮಾಡ್ತಿದ್ದಿದ್ದೇ ದಂತದಲ್ಲಿ, ಇಲ್ಲಾ ಮೂಳೆಯಲ್ಲಿ. ಅಂದ್ರೆ ಕಥೆ ಶುರುವಾಗೋ ಮುಂಚೆನೇ ದಂತ ಲಂಡನ್ನಿಗೆ ಬಂದು ಸಾಹೇಬರ ಕೈಯಲ್ಲಿ ಆಟ ಆಗ್ತಿರಬಹುದು, ಕಾನ್ರಾಡ್ ಇದನ್ನ ಎತ್ತಿ ತೋರಿಸಲ್ಲ, ಇಟ್ಟು ಹೋಗ್ತಾನೆ.

ಮಾರ್ಲೋ ಬಾಯಿಂದ ಬರೋ ಮೊದಲ ಮಾತು, ಇದೂ ಭೂಮಿಯ ಕತ್ತಲ ಜಾಗಗಳಲ್ಲಿ ಒಂದಾಗಿತ್ತು ಅನ್ನೋದು. ಇದು ಅಂದ್ರೆ ಆಫ್ರಿಕಾ ಅಲ್ಲ, ಇಂಗ್ಲೆಂಡು. ರೋಮನ್ನರು ಬಂದಾಗ ನಾವೂ ಕಾಡುಜನರೇ, ಅವರಿಗೂ ಈ ನದಿ ಹೀಗೇ ಭಯ ಹುಟ್ಟಿಸಿರುತ್ತೆ ಅಂತ. ಆಮೇಲೆ ಹೇಳ್ತಾನೆ, ಭೂಮಿ ಗೆಲ್ಲೋದು ಅಂದ್ರೆ ಬಹಳ ಸಲ ನಮಗಿಂತ ಬಣ್ಣ ಬೇರೆ ಇರೋರಿಂದ, ಮೂಗು ಸ್ವಲ್ಪ ಚಪ್ಪಟೆ ಇರೋರಿಂದ ಕಿತ್ಕೊಳ್ಳೋದು, ಜಾಸ್ತಿ ಕೆದಕಿ ನೋಡಿದ್ರೆ ಚಂದ ಕಾಣೋ ಕೆಲಸ ಅಲ್ಲ ಅದು. 1899ರಲ್ಲಿ, ಸಾಮ್ರಾಜ್ಯ ಅಂದ್ರೆ ಎದೆ ಉಬ್ಬಿಸೋ ಇಂಗ್ಲಿಷ್ ಓದುಗರ ಮುಂದೆ ಹೀಗೆ ಬರೆಯೋದು ಸಣ್ಣ ಮಾತಲ್ಲ. ಆದ್ರೆ ಬೆನ್ನಿಗೇ ಒಂದು ಆದ್ರೆ ಸೇರಿಸ್ತಾನೆ, ಇದನ್ನ ಕಾಪಾಡೋದು ಅಂದ್ರೆ ಹಿಂದಿರೋ ಒಂದು ಆದರ್ಶ, ಎದುರಿಗಿಟ್ಟು ಅಡ್ಡಬಿದ್ದು ಬಲಿ ಕೊಡೋಕೆ ಆಗುವಂಥ ಆದರ್ಶ ಅಂತ. ಆಗ ಅಲಂಕಾರದ ಮಾತು ಅನ್ನಿಸಿದ್ದು ಎಪ್ಪತ್ತು ಪುಟ ಆದಮೇಲೆ ಕಣ್ಣಿಗೆ ಕಾಣೋ ಹಾಗೆ ನಿಜ ಆಗುತ್ತೆ, ಕರ್ಟ್ಜ್ ಮುಂದೆ ಜನ ತೆವಳಿಕೊಂಡು ಬರ್ತಾರೆ, ಬಲಿಗಳೂ ಇರ್ತವೆ.

ಮಾರ್ಲೋ ಕೆಲಸಕ್ಕೆ ಸೇರೋಕೆ ಹೋಗೋ ಯುರೋಪಿನ ಊರನ್ನ ಸುಣ್ಣ ಬಳಿದ ಗೋರಿ ಅಂತ ಕರೀತಾನೆ, ಹೆಸರು ಹೇಳಲ್ಲ, ಬ್ರಸೆಲ್ಸ್ ಅಂತ ಯಾರಿಗಾದ್ರೂ ಗೊತ್ತಾಗುತ್ತೆ. ಕಾಂಗೋ ಅನ್ನೋ ಹೆಸರಾಗಲಿ ಲಿಯೋಪೋಲ್ಡ್ ಹೆಸರಾಗಲಿ ಪುಸ್ತಕದಲ್ಲಿ ಎಲ್ಲೂ ಬರಲ್ಲ. ಆಫೀಸಲ್ಲಿ ಬಣ್ಣ ಬಳಿದ ಒಂದು ದೊಡ್ಡ ಮ್ಯಾಪು, ಅದರಲ್ಲಿ ಬ್ರಿಟಿಷರ ಕೆಂಪು ತುಂಬ ಇದೆ, ಅಲ್ಲಿ ನಿಜವಾದ ಕೆಲಸ ನಡೀತಿದೆ ಅಂತ ಗೊತ್ತಿರೋದ್ರಿಂದ ನೋಡೋಕೆ ಖುಷಿ ಅಂತಾನೆ ಮಾರ್ಲೋ. ಇಲ್ಲಿ ನಾನು ಪುಸ್ತಕ ಮಡಚಿಟ್ಟು ಒಂದು ಟೀ ಕುಡಿದು ಬಂದೆ. ಅದು ಆಫ್ರಿಕಾದ ಮ್ಯಾಪೇ ಇರಬಹುದು, ಆದ್ರೆ ಅದೇ ಕೆಂಪು ನಮ್ಮ ಮೇಲೂ ಬಳಿದಿತ್ತು, ಈ ಕಥೆ ಅಚ್ಚಾದ ವರ್ಷವೇ ಇಂಡಿಯಾದಲ್ಲಿ 1899-1900ರ ದೊಡ್ಡ ಬರ ಶುರುವಾಗಿದ್ದು. ಬೆಲ್ಜಿಯನ್ನರ ಹಳದಿ ಬಣ್ಣದೊಳಗೆ ಅಷ್ಟು ಚೆನ್ನಾಗಿ ಕಣ್ಣು ಹಾಯಿಸಿದವನಿಗೆ ತನಗೆ ಪೌರತ್ವ ಕೊಟ್ಟ ದೇಶದ ಬಣ್ಣದೊಳಗೆ ನೋಡೋಕಾಗಲಿಲ್ಲ.

ಇನ್ನು ಕರ್ಟ್ಜ್. ಅವನು ಯಾರು ಅನ್ನೋದು ಮೊದಲು ಗೊತ್ತಾಗೋದು ಆ ಅಕೌಂಟೆಂಟ್ ಬಾಯಿಂದಲೇ, ಹೊಗಳಿಕೆ ಕೂಡ ಲೆಕ್ಕದ್ದೇ, ಬೇರೆ ಎಲ್ಲ ಏಜೆಂಟರು ಸೇರಿ ಕಳಿಸೋಷ್ಟು ದಂತ ಇವನೊಬ್ಬನೇ ಕಳಿಸ್ತಾನೆ ಅಂತ. ಕವಿ, ಚಿತ್ರಕಾರ, ಸಂಗೀತಗಾರ, ಮಾತಲ್ಲಿ ಮೋಡಿ ಹಾಕೋನು. ತಾಯಿ ಅರ್ಧ ಇಂಗ್ಲಿಷ್, ತಂದೆ ಅರ್ಧ ಫ್ರೆಂಚ್, ಕರ್ಟ್ಜ್‌ನ್ನ ಮಾಡೋಕೆ ಇಡೀ ಯುರೋಪು ಕೈ ಹಾಕಿತ್ತು ಅಂತ ಮಾರ್ಲೋ ಹೇಳ್ತಾನೆ. ಕಾಡುಜನರ ಕೆಟ್ಟ ಪದ್ಧತಿಗಳನ್ನ ನಿಲ್ಲಿಸೋ ಒಂದು ಸಂಘಕ್ಕೆ ಅವನು ಹದಿನೇಳು ಪುಟದ ರಿಪೋರ್ಟ್ ಬರೆದಿದಾನೆ, ಓದಿದ್ರೆ ಮೈ ಜುಮ್ಮೆನ್ನೋ ಹಾಗೆ ಉಪಕಾರ, ಉದ್ಧಾರ, ಕರುಣೆ, ಎಲ್ಲ ಇದೆ. ಕೊನೇ ಪುಟದ ಕೆಳಗೆ, ಆಮೇಲೆ ಯಾವಾಗಲೋ ನಡುಗೋ ಕೈಯಲ್ಲಿ ಗೀಚಿದ ಒಂದು ಸಾಲು: ಈ ಮೃಗಗಳನ್ನೆಲ್ಲ ನಿರ್ನಾಮ ಮಾಡಿ. ನನಗೆ ಇಡೀ ಪುಸ್ತಕದಲ್ಲಿ ಇದಕ್ಕಿಂತ ಭಯಂಕರವಾದ ಪುಟ ಇಲ್ಲ. ಮೇಲಿನ ಹದಿನೇಳು ಪುಟ ಸುಳ್ಳು, ಕೆಳಗಿನ ಸಾಲು ನಿಜ ಅಂತ ಬೇರ್ಪಡಿಸಿ ಓದೋರು ಇದಾರೆ. ನನಗೆ ಹಾಗನ್ಸಲ್ಲ, ಮೇಲಿನದ್ದು ಬರೆದ ಕೈಯೇ ಕೆಳಗಿನದ್ದೂ ಬರೀತು, ನಾವು ಇವರಿಗೆ ದೇವರ ಹಾಗೆ ಕಾಣ್ತೀವಿ ಅಂತ ಶುರು ಮಾಡಿದವನು ಎಲ್ಲಿಗೆ ಬಂದು ನಿಲ್ತಾನೋ ಅಲ್ಲಿಗೇ ಬಂದು ನಿಂತಿದಾನೆ.

ಕರ್ಟ್ಜ್ ಯಾಕೆ ಹೀಗಾದ ಅನ್ನೋದಕ್ಕೆ ಪುಸ್ತಕದೊಳಗೇ ಎರಡು ಉತ್ತರ ಇದೆ, ಎರಡೂ ಒಂದರ ಮೇಲೊಂದು ಬಿದ್ದು ಕಲಸ್ಕೊಂಡಿವೆ, ಅದಕ್ಕೇ ಇಷ್ಟು ಜಗಳ. ಒಂದು ಉತ್ತರ, ಕಾಡು ಅವನನ್ನ ಹಿಡೀತು. ಪೊಲೀಸ್ ಇಲ್ಲ, ಅಕ್ಕಪಕ್ಕದವರಿಲ್ಲ, ಯಾರೇನಂದ್ಕೊಳ್ತಾರೋ ಅನ್ನೋ ಭಯ ಇಲ್ಲ, ಒಳಗೆ ಟೊಳ್ಳು, ಆ ಟೊಳ್ಳೊಳಗೆ ಕಾಡು ಪಿಸುಗುಟ್ಟಿತು, ಮನುಷ್ಯನೊಳಗಿದ್ದ ಹಳೇ ಮೃಗ ಎದ್ದು ಬಂತು. ಗೈಡ್‌ಗಳಲ್ಲಿ ಬರೋದು ಇದೇ. ಇನ್ನೊಂದು ಉತ್ತರ ಸಣ್ಣ ಸಣ್ಣ ವಿವರಗಳಲ್ಲಿ ಚೆಲ್ಲಿ ಬಿದ್ದಿದೆ. ಗೂಟದ ಮೇಲಿನ ತಲೆಗಳ ವಿಷ್ಯ ಮಾರ್ಲೋ ನಮಗೆ ಹೇಳೋವಾಗ ಕಂಪನಿ ಮ್ಯಾನೇಜರ್ ಅಭಿಪ್ರಾಯಾನೂ ಸೇರಿಸ್ತಾನೆ, ಕರ್ಟ್ಜ್‌ನ ಪದ್ಧತಿಯಿಂದ ಆ ಜಿಲ್ಲೆ ಹಾಳಾಯ್ತು ಅಂತ. ಕರ್ಟ್ಜ್ ಬಗ್ಗೆ ಮ್ಯಾನೇಜರ್‌ಗಿರೋ ತಕರಾರು ಏನಂದ್ರೆ, ದಂತ ಏನೋ ಭರ್ಜರಿ ಬಂತು, ಆದ್ರೆ ವಿಧಾನ ಸರಿ ಇಲ್ಲ, ಇನ್ನು ಸ್ವಲ್ಪ ಕಾಲ ಆ ಕಡೆ ವ್ಯಾಪಾರ ಬಂದ್. ಕೊಂದಿದ್ದು ತಪ್ಪು ಅನ್ನೋ ಮಾತು ಅವನ ಬಾಯಲ್ಲಿ ಬರಲ್ಲ, ನಷ್ಟ ಆಯ್ತು ಅನ್ನೋದು ಬರುತ್ತೆ. ಇವನಿಗೆ ಕಾಡೂ ಪಿಸುಗುಟ್ಟಿಲ್ಲ, ಮೃಗಾನೂ ಎದ್ದಿಲ್ಲ, ಊಟ ನಿದ್ದೆ ಸರಿಯಾಗಿದೆ, ಅವನಿಗಿರೋ ಒಂದೇ ಪ್ರತಿಭೆ ಕಾಯಿಲೆ ಬೀಳದೇ ಇರೋದು ಅಂತ ಮಾರ್ಲೋನೇ ಗೇಲಿ ಮಾಡ್ತಾನೆ.

ಸ್ಟೀಮರಲ್ಲಿ ಕೆಲಸ ಮಾಡೋ ಆಫ್ರಿಕನ್ನರ ಸಂಬಳ ನೋಡಿ. ವಾರಕ್ಕೆ ಮೂರು ತುಂಡು ಹಿತ್ತಾಳೆ ತಂತಿ, ಒಂದೊಂದು ಒಂಬತ್ತು ಇಂಚು. ಅದನ್ನ ಕೊಟ್ಟು ದಡದ ಹಳ್ಳಿಗಳಲ್ಲಿ ಊಟ ಕೊಳ್ಳಬೇಕು ಅನ್ನೋದು ಪ್ಲಾನು. ಹಳ್ಳಿಗಳು ಖಾಲಿ, ಇಲ್ಲಾ ಶತ್ರುಗಳು, ಇಲ್ಲಾ ಮ್ಯಾನೇಜರ್ ನಿಲ್ಸಲ್ಲ. ಆದ್ರೂ ತಂತಿ ಮಾತ್ರ ದೊಡ್ಡ ಮರ್ಯಾದಸ್ಥ ಕಂಪನಿಗೆ ತಕ್ಕ ಹಾಗೆ ವಾರ ವಾರ ತಪ್ಪದೆ ಕೊಡ್ತಿದ್ರು ಅಂತ ಮಾರ್ಲೋ ಹೇಳ್ತಾನೆ. ಸಂಬಳ ಕೊಟ್ಟಿದೀವಿ, ಪುಸ್ತಕದಲ್ಲಿ ಎಂಟ್ರಿ ಇದೆ, ಹೊಟ್ಟೆ ತುಂಬಿತಾ ಅನ್ನೋದಕ್ಕೆ ಕಾಲಮ್ಮೇ ಇಲ್ಲ. ಈ ಎರಡನೇ ಉತ್ತರ ನನಗೆ ಹೆಚ್ಚು ನಿಜ ಅನ್ಸುತ್ತೆ. ಕರ್ಟ್ಜ್ ಆ ವ್ಯವಸ್ಥೆಯಿಂದ ತಪ್ಪಿಸ್ಕೊಂಡು ಹೋದವನಲ್ಲ, ಅದು ಕೇಳಿದ್ದನ್ನ ಎಲ್ಲರಿಗಿಂತ ಚೆನ್ನಾಗಿ ಮಾಡಿಕೊಟ್ಟವನು, ಮುಚ್ಚುಮರೆ ಇಲ್ಲದೆ ಮಾಡಿದ್ದಷ್ಟೇ ತಪ್ಪಾಯ್ತು.

ಹಾಗಾದ್ರೆ ಪುಸ್ತಕ ವಸಾಹತುಶಾಹಿ ವಿರುದ್ಧ ಇದೆ, ಮುಗೀತಲ್ಲ? 1975ರವರೆಗೂ ಬಹಳ ಜನ ಹಾಗೇ ಅಂದ್ಕೊಂಡಿದ್ರು. ಆ ವರ್ಷ ಫೆಬ್ರವರಿಯಲ್ಲಿ ನೈಜೀರಿಯಾದ ಕಾದಂಬರಿಕಾರ ಚಿನುವಾ ಅಚಿಬೆ ಅಮೆರಿಕದ ಮ್ಯಾಸಚೂಸೆಟ್ಸ್ ಯೂನಿವರ್ಸಿಟಿಯಲ್ಲಿ ಭಾಷಣ ಮಾಡಿ, ಕಾನ್ರಾಡ್ ಜನಾಂಗೀಯ ದ್ವೇಷಿ ಅಂತ ಮುಲಾಜಿಲ್ಲದೆ ಹೇಳಿದ್ರು. ಭಾಷಣ ಶುರು ಮಾಡಿದ್ದೇ ಒಂದು ಸಣ್ಣ ಘಟನೆಯಿಂದ. ಕ್ಯಾಂಪಸಲ್ಲಿ ಜೊತೆಗೆ ನಡ್ಕೊಂಡು ಬಂದ ಒಬ್ಬ ವಯಸ್ಸಾದವರು ಏನ್ ಪಾಠ ಮಾಡ್ತೀರಿ ಅಂತ ಕೇಳಿ, ಆಫ್ರಿಕನ್ ಸಾಹಿತ್ಯ ಅಂದಿದ್ದಕ್ಕೆ, ಆಫ್ರಿಕಾದಲ್ಲಿ ಅಂಥದ್ದೆಲ್ಲ ಇದೆ ಅಂತ ನನಗೆ ಅನ್ಸಿರಲೇ ಇಲ್ಲ ಅಂದ್ರಂತೆ. ಆ ಮಾತಲ್ಲಿ ಕೆಟ್ಟತನ ಇಲ್ಲ, ಬರೀ ಅಭ್ಯಾಸ. ಅಂಥ ಅಭ್ಯಾಸವನ್ನ ಪ್ರತಿಭಾವಂತ ಕೈಯೊಂದು ಇನ್ನಷ್ಟು ಗಟ್ಟಿ ಮಾಡಿದ್ದು ಹೇಗೆ ಅನ್ನೋದು ಅಚಿಬೆ ಅವರ ವಾದ.

ವಾದ ಏನು ಅಂದ್ರೆ, ಕಾನ್ರಾಡ್ ಕ್ರೌರ್ಯ ಕಂಡು ಮರುಗಿಲ್ಲ ಅಂತ ಅಲ್ಲ, ಮರುಗಿದಾನೆ. ಆದ್ರೆ ಒಬ್ಬ ಯುರೋಪಿಯನ್ನನ ಮನಸ್ಸು ಮುರಿದು ಬೀಳೋದನ್ನ ತೋರಿಸೋಕೆ ಇಡೀ ಖಂಡವನ್ನ ನಾಟಕದ ಪರದೆ ಮಾಡ್ಕೊಂಡ, ಅಲ್ಲಿನ ಮನುಷ್ಯರನ್ನ ಪರದೆ ಮೇಲಿನ ಚಿತ್ರ ಮಾಡ್ದ. ಎಣಿಸಿ ನೋಡಿ ಅಂತಾರೆ. ಆಫ್ರಿಕನ್ನರು ಬಾಯಿ ಬಿಟ್ಟು ಮಾತಾಡೋದು ಎರಡೇ ಕಡೆ. ಒಂದು, ಶತ್ರುಗಳನ್ನ ಹಿಡಿದು ಕೊಡಿ, ತಿನ್ತೀವಿ ಅನ್ನೋಕೆ. ಇನ್ನೊಂದು, ಕರ್ಟ್ಜ್ ಸತ್ತ ಅಂತ ಬಾಗಿಲಲ್ಲಿ ತಲೆ ಹಾಕಿ ಹೇಳೋಕೆ. ಉಳಿದಂತೆ ಕೂಗು, ಡೋಲು, ಕಣ್ಣುಗುಡ್ಡೆ, ಕೈಕಾಲು. ಬಾಯ್ಲರ್ ನೋಡ್ಕೊಳ್ಳೋ ಕೆಲಸಗಾರನನ್ನ ಕಾನ್ರಾಡ್ ಹೋಲಿಸೋದು ಚಡ್ಡಿ ಟೋಪಿ ಹಾಕ್ಕೊಂಡು ಹಿಂಗಾಲ ಮೇಲೆ ನಡೆಯೋ ನಾಯಿಗೆ. ಕೆಲಸ ಕಲಿತಿರೋ, ಹಡಗು ಸಿಡಿಯದ ಹಾಗೆ ನೋಡ್ಕೊಳ್ತಿರೋ ಮನುಷ್ಯ ಅವನು! ಬಿಳಿಯರಲ್ಲೂ ಮ್ಯಾನೇಜರು, ಅಕೌಂಟೆಂಟು ಅಂತ ಹೆಸರಿಲ್ಲದವರೇ ಜಾಸ್ತಿ ಅಂತ ಯಾರಾದ್ರೂ ಹೇಳಬಹುದು, ನಿಜ, ಆದ್ರೆ ಅವರಿಗೆ ಹುದ್ದೆ ಇದೆ, ಸಂಚು ಇದೆ, ಡೈಲಾಗ್ ಇದೆ. ಒಬ್ಬನೇ ಒಬ್ಬ ಆಫ್ರಿಕನ್ನನಿಗೂ ಹೆಸರಿಲ್ಲ.

ಇದಕ್ಕೆ ಕೊಡೋ ಉತ್ತರ ಸಾಮಾನ್ಯವಾಗಿ ಒಂದೇ. ಹೀಗೆಲ್ಲ ಹೇಳೋದು ಮಾರ್ಲೋ, ಕಾನ್ರಾಡ್ ಅಲ್ಲ, ಮಾರ್ಲೋ ಮಾತನ್ನ ಇನ್ನೊಬ್ಬ ಹೇಳ್ತಿದಾನೆ, ಲೇಖಕ ಎರಡು ಹೆಜ್ಜೆ ಹಿಂದೆ ನಿಂತು ಮಾರ್ಲೋನ ಕುರುಡನ್ನೂ ತೋರಿಸ್ತಿದಾನೆ ಅಂತ. ಅಚಿಬೆ ಇದನ್ನೂ ಯೋಚಿಸಿದ್ರು, ಹಾಗಿದ್ರೆ ಬೇರೆ ಥರ ನೋಡೋ ಒಂದು ಕಣ್ಣನ್ನ ಎಲ್ಲಾದ್ರೂ ಒಂದು ಕಡೆ ಸುಳಿವಾದ್ರೂ ಕೊಡಬೇಕಿತ್ತು, ಎಲ್ಲಿದೆ ಅಂತ ಕೇಳ್ತಾರೆ. ನನಗೆ ಈ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಹತ್ತಿರ ಬರೋದು ಅಂದ್ರೆ ಚುಕ್ಕಾಣಿ ಹಿಡಿಯೋ ಆಳು ಈಟಿ ತಗುಲಿ ಸಾಯೋ ಜಾಗ. ಸಾಯೋವಾಗ ಅವನು ನೋಡಿದ ನೋಟ ದೂರದ ಸಂಬಂಧ ಹೇಳ್ಕೊಂಡ ಹಾಗಿತ್ತು ಅಂತಾನೆ ಮಾರ್ಲೋ, ಕರ್ಟ್ಜ್‌ನ್ನ ತಲುಪೋಕೆ ಈ ಜೀವ ತೆತ್ತಷ್ಟು ಅವನಿಗೆ ಬೆಲೆ ಇತ್ತು ಅಂತ ಹೇಳೋಕಾಗಲ್ಲ ಅಂತಲೂ ಹೇಳ್ತಾನೆ. ನನಗೆ ಇಷ್ಟದ ಜಾಗ ಇದು, ಆದ್ರೂ ಸಂಬಂಧ "ದೂರದ್ದು"ನೇ, ಅದೂ ಅವನು ಸಾಯೋವಾಗ ಮಾತ್ರ ಸಿಗೋದು.

ಇಲ್ಲಿ ನಾವೂ ಸ್ವಲ್ಪ ಕನ್ನಡಿ ನೋಡ್ಕೋಬೇಕು. ಕಗ್ಗತ್ತಲ ಖಂಡ ಅನ್ನೋ ಮಾತು ಕನ್ನಡದಲ್ಲಿ ಎಷ್ಟು ಸಲೀಸಾಗಿ ಬರುತ್ತೆ ಅಲ್ವಾ, ಸ್ಕೂಲಲ್ಲಿ ಜನರಲ್ ನಾಲೆಡ್ಜ್ ಪ್ರಶ್ನೆ ಥರ ಕಲಿತಿದ್ದು ನೆನಪಿದೆ, ಕಗ್ಗತ್ತಲ ಖಂಡ ಯಾವುದು, ಆಫ್ರಿಕಾ, ಒಂದು ಮಾರ್ಕು. ಆ ಮಾತು ನಮ್ಮದಲ್ಲ, ಯುರೋಪಿನ ಅನ್ವೇಷಕರು ಚಾಲ್ತಿಗೆ ತಂದಿದ್ದು, ಅದರಲ್ಲೂ ಲಿಯೋಪೋಲ್ಡ್‌ಗೆ ಕಾಂಗೋ ಹಿಡಿದು ಕೊಟ್ಟ ಸ್ಟ್ಯಾನ್ಲಿ ತನ್ನ ಪುಸ್ತಕದ ಹೆಸರಲ್ಲೇ ಹಾಕಿ ಪ್ರಚಾರ ಮಾಡಿದ್ದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ಆಫ್ರಿಕಾ ಮೂಲದ ಸಿದ್ದಿ ಜನ ಶತಮಾನಗಳಿಂದ ಇದ್ದಾರೆ, ನಮ್ಮ ಜೊತೆ ಕನ್ನಡ ಮಾತಾಡ್ತಾರೆ, ಆದ್ರೂ ಆ ಒಂದು ಮಾರ್ಕಿನ ಉತ್ತರ ಬದಲಾಗಲಿಲ್ಲ.

ಮತ್ತೆ ಮಾರ್ಲೋ ನದಿ ಮೇಲೆ ಹೋಗೋದನ್ನ ಜಗತ್ತಿನ ಆದಿಕಾಲಕ್ಕೆ, ಇತಿಹಾಸದ ಮುಂಚಿನ ಜನರ ಹತ್ರಕ್ಕೆ ಹೋದ ಹಾಗೆ ಅಂತಾನಲ್ಲ, ಅದು ಶುದ್ಧ ಸುಳ್ಳು. ಅದೇ ನದಿ ಸಮುದ್ರ ಸೇರೋ ಕಡೆ ಕಾಂಗೋ ಅನ್ನೋ ದೊಡ್ಡ ರಾಜ್ಯ ಇತ್ತು. ಅದರ ದೊರೆ ಒಂದನೇ ಅಫೋನ್ಸೋ 1526ರಲ್ಲಿ ಪೋರ್ಚುಗಲ್ ರಾಜನಿಗೆ ಪತ್ರ ಬರೆದ, ನಿಮ್ಮ ವ್ಯಾಪಾರಿಗಳು ನಮ್ಮ ಜನರನ್ನ, ಕುಲೀನರ ಮಕ್ಕಳನ್ನೂ ಬಿಡದೆ ಕದ್ದು ಮಾರ್ತಿದಾರೆ, ನಮ್ಮ ರಾಜ್ಯ ಬರಿದಾಗ್ತಿದೆ ಅಂತ. ಆ ಹೊತ್ತಲ್ಲಿ ಹಂಪಿಯಲ್ಲಿ ಕೃಷ್ಣದೇವರಾಯ ಇದ್ದ, ಅವನೂ ಗೋವಾದ ಇದೇ ಪೋರ್ಚುಗೀಸರ ಹತ್ರ ಕುದುರೆ ಕೊಳ್ತಿದ್ದ. ಇತಿಹಾಸದ ಮುಂಚೆಯಂತೆ! ಅಚಿಬೆ ಇನ್ನೊಂದು ಮಾತು ಸೇರಿಸ್ತಾರೆ, ಕಾಂಗೋ ನದಿಯ ಉತ್ತರಕ್ಕಿರೋ ಫಾಂಗ್ ಜನ ಕೆತ್ತಿದ ಮುಖವಾಡ ಈ ಕಥೆ ಬಂದ ಕೆಲವೇ ವರ್ಷದಲ್ಲಿ ಪ್ಯಾರಿಸ್ ತಲುಪಿ ಪಿಕಾಸೋ, ಮಾತೀಸ್ ಅಂಥವರ ಕಣ್ಣು ತೆರೆಸ್ತು ಅಂತ. ಕಾನ್ರಾಡ್‌ಗೆ ಕೂಗಾಟ ಕುಣಿತ ಮಾತ್ರ ಕಂಡ ಕಡೆ ಶಿಲ್ಪಿಗಳಿದ್ರು.

ಪ್ಯಾಲೆಸ್ಟೈನ್ ಮೂಲದ ವಿಮರ್ಶಕ ಎಡ್ವರ್ಡ್ ಸೈದ್ ಅಚಿಬೆಗೂ ಕಾನ್ರಾಡ್ ಪರ ವಾದಿಸೋರಿಗೂ ನಡುವೆ ಒಂದು ಜಾಗ ಹುಡುಕ್ತಾರೆ, ನನಗೆ ಅದು ಒಪ್ಪಿಗೆ. ಸಾಮ್ರಾಜ್ಯ ಅಂದ್ರೆ ಲೂಟಿ ಅಂತ ಕಾನ್ರಾಡ್‌ಗೆ ಗೊತ್ತಿತ್ತು, ಆದ್ರೆ ಅದು ಮುಗಿದು ಅಲ್ಲಿನ ಜನ ತಮ್ಮ ಪಾಡಿಗೆ ಸ್ವತಂತ್ರವಾಗಿ ಬದುಕೋದನ್ನ ಅವನಿಗೆ ಕಲ್ಪಿಸ್ಕೊಳ್ಳೋಕೆ ಆಗಲಿಲ್ಲ. ಪೋಲೆಂಡ್‌ನ ಸ್ವಾತಂತ್ರ್ಯಕ್ಕೆ ಅಪ್ಪ ಅಮ್ಮನ್ನ ಕಳ್ಕೊಂಡ ಹುಡುಗ ಅಂತ ಆಗಲೇ ಹೇಳಿದ್ನಲ್ಲ, ಅವನಿಗೇ ಆಗಲಿಲ್ಲ. ಅದಕ್ಕೇ ಕತ್ತಲು ಬ್ರಸೆಲ್ಸಿಂದ ಹಡಗು ಹತ್ತಿ ಬಂತು ಅಂತ ಕಣ್ಣಾರೆ ನೋಡಿದವನು, ವಾಕ್ಯ ಬರೆಯೋವಾಗ ಮಾತ್ರ ಮತ್ತೆ ಮತ್ತೆ ಅದನ್ನ ಮರಗಳ ಮೇಲೆ, ಕರೀ ಮೈಗಳ ಮೇಲೆ ಹೇರ್ತಾನೆ.

ಕಾನ್ರಾಡ್ ವಾಪಸ್ ಬಂದ ಮೇಲೆ ಕಾಂಗೋ ಇನ್ನೂ ಹದಗೆಟ್ಟಿತು. 1888ರಲ್ಲಿ ಡನ್‌ಲಪ್ ಗಾಳಿ ತುಂಬೋ ಟೈರು ಮಾಡಿದ್ದ, ಸೈಕಲ್ಲು, ಆಮೇಲೆ ಕಾರು, ಜಗತ್ತಿಗೆಲ್ಲ ರಬ್ಬರ್ ಹುಚ್ಚು. ಕಾಂಗೋ ಕಾಡಲ್ಲಿ ರಬ್ಬರ್ ಬಳ್ಳಿ ತಾನಾಗೇ ಬೆಳೆದಿತ್ತು, ಇಳಿಸೋಕೆ ಆಳು ಬೇಕು ಅಷ್ಟೇ. ಹಳ್ಳಿಗೆ ಇಷ್ಟು ಅಂತ ಕೋಟಾ, ಹೆಂಗಸರನ್ನ ಒತ್ತೆ ಇಟ್ಕೊಳ್ಳೋದು, ಗಂಡಸರು ರಬ್ಬರ್ ತಂದ್ರೆ ಬಿಡೋದು, ತರದಿದ್ರೆ ನೀರಾನೆ ಚರ್ಮದ ಚಾಟಿ, ಇಲ್ಲಾ ಗುಂಡು. ಗುಂಡು ದುಬಾರಿ, ಸೈನಿಕರು ಬೇಟೆಗೆ ಹಾರಿಸಿ ಹಾಳು ಮಾಡಬಾರದು, ಹಾಗಾಗಿ ಖರ್ಚಾದ ಒಂದೊಂದು ತೋಟಾಗೂ ಒಂದೊಂದು ಬಲಗೈ ಕತ್ತರಿಸಿ ತಂದು ತೋರಿಸ್ಬೇಕು. ಬೇಟೆಗೆ ಖರ್ಚು ಮಾಡಿದವರು ಲೆಕ್ಕ ಹೊಂದಿಸೋಕೆ ಬದುಕಿರೋರ ಕೈ ಕತ್ತರಿಸಿದ್ರು. ಮತ್ತೆ ನಮ್ಮ ಅಕೌಂಟೆಂಟೇ ನೆನಪಾಗ್ತಾನೆ ನನಗೆ, ಸ್ಟಾಕ್ ಟ್ಯಾಲಿ ಆಗ್ಬೇಕಲ್ಲ. ಎಷ್ಟು ಜನ ಸತ್ರು ಅನ್ನೋದಕ್ಕೆ ಜನಗಣತಿ ಇರಲಿಲ್ಲ, ಕೊಲೆ, ಹಸಿವು, ಕಾಯಿಲೆ, ಹುಟ್ಟದೇ ಹೋದ ಮಕ್ಕಳು ಎಲ್ಲ ಸೇರಿ ಜನಸಂಖ್ಯೆ ಒಂದು ಕೋಟಿಯಷ್ಟು ಇಳೀತು ಅನ್ನೋ ಅಂದಾಜೂ ಇದೆ, ಆ ಅಂಕಿ ಬಗ್ಗೆ ಇತಿಹಾಸಕಾರರಲ್ಲಿ ವಾದ ಇನ್ನೂ ನಡೀತಿದೆ.

ಇದನ್ನ ಹೊರಗೆ ತಂದವರಲ್ಲಿ ಒಬ್ಬ ಯಾರು ಅಂದ್ರೆ ನಂಬಲ್ಲ ನೀವು, ಒಬ್ಬ ಗುಮಾಸ್ತ. ಲಿವರ್‌ಪೂಲಿನ ಹಡಗು ಕಂಪನಿಯಲ್ಲಿ ಕೆಲಸಕ್ಕಿದ್ದ ಎಡ್ಮಂಡ್ ಮೊರೆಲ್. ಕಂಪನಿ ಕೆಲಸದ ಮೇಲೆ ಬೆಲ್ಜಿಯಂನ ಆಂಟ್ವರ್ಪ್ ಬಂದರಿಗೆ ಹೋಗಿ ಬರ್ತಾ ಸರಕಿನ ಪಟ್ಟಿ ನೋಡ್ತಿದ್ದ. ಕಾಂಗೋ ಇಂದ ಬರೋ ಹಡಗಲ್ಲಿ ರಾಶಿ ರಾಶಿ ರಬ್ಬರ್, ದಂತ. ಹೋಗೋ ಹಡಗಲ್ಲಿ ಬಹಳ ಮಟ್ಟಿಗೆ ಬಂದೂಕು, ಮದ್ದುಗುಂಡು, ಅಧಿಕಾರಿಗಳು. ವ್ಯಾಪಾರ ಅಂದ್ರೆ ಕೊಟ್ಟು ತಗೊಳ್ಳೋದು, ಇಲ್ಲಿ ಕೊಡ್ತಿರೋದೇನು? ಅಲ್ಲಿನ ಜನರಿಗೆ ಏನೂ ಹೋಗ್ತಿಲ್ಲ ಅಂದ್ಮೇಲೆ ಇಷ್ಟು ರಬ್ಬರನ್ನ ಯಾರು, ಯಾಕೆ ಇಳಿಸ್ಕೊಡ್ತಿದಾರೆ? ಕಾಂಗೋ ನೋಡದೇನೇ, ಬರೀ ಎರಡು ಕಾಲಮ್ ಪಕ್ಕಪಕ್ಕ ಇಟ್ಟು, ಇದು ಜೀತ ಅಂತ ಕಂಡುಹಿಡಿದ. 1901ರಲ್ಲಿ ಕೆಲಸ ಬಿಟ್ಟು ಇದರ ಹಿಂದೆ ಬಿದ್ದ. ಕಾನ್ರಾಡ್‌ಗೆ ಮತಾಡಿಯಲ್ಲಿ ಸಿಕ್ಕಿದ್ದ ರೋಜರ್ ಕೇಸ್‌ಮೆಂಟ್ ಆಮೇಲೆ ಬ್ರಿಟಿಷ್ ಕಾನ್ಸಲ್ ಆಗಿ ಒಳಗೆಲ್ಲ ಓಡಾಡಿ ಸಾಕ್ಷಿ ಕಲೆಹಾಕಿದ, 1904ರಲ್ಲಿ ಅವನ ವರದಿ ಬಂತು, ಇಬ್ಬರೂ ಸೇರಿ ಕಾಂಗೋ ಸುಧಾರಣಾ ಸಂಘ ಕಟ್ಟೋಕೆ ನಿಂತ್ರು. ಕಾನ್ರಾಡ್ ಬೆಂಬಲವಾಗಿ ಒಂದು ಒಳ್ಳೇ ಪತ್ರ ಬರೆದುಕೊಟ್ಟ, ಆದ್ರೆ ಚಳುವಳಿಗೆ ಇಳೀಲಿಲ್ಲ, ನಾನು ಬಡಪಾಯಿ ಕಾದಂಬರಿಕಾರ ಅಂತ ಜಾರ್ಕೊಂಡ. ಕೊನೆಗೆ 1908ರಲ್ಲಿ ಲಿಯೋಪೋಲ್ಡ್ ತನ್ನ ಜಹಗೀರನ್ನ ಬೆಲ್ಜಿಯಂ ಸರ್ಕಾರಕ್ಕೆ ಬಿಟ್ಟುಕೊಡಬೇಕಾಯ್ತು. ಕೊಡೋ ಮುಂಚೆ ಬ್ರಸೆಲ್ಸಲ್ಲಿ ಕಾಂಗೋ ಸರ್ಕಾರದ ಕಡತಗಳನ್ನ ಎಂಟು ದಿನ ಒಲೆಗೆ ಹಾಕಿ ಸುಟ್ಟರು.

ಕಾದಂಬರಿಯ ಕೊನೆಯಲ್ಲಿ ಮಾರ್ಲೋ ಅದೇ ಸುಣ್ಣದ ಗೋರಿಯಂಥ ಊರಲ್ಲಿ ಕರ್ಟ್ಜ್‌ನ ಮದುವೆಯಾಗಬೇಕಿದ್ದ ಹುಡುಗಿ ಮನೆಗೆ ಹೋಗ್ತಾನೆ. ಕತ್ತಲಾಗ್ತಿದೆ, ಮೂಲೆಯಲ್ಲಿ ಪಿಯಾನೋ, ಶವಪೆಟ್ಟಿಗೆ ಥರ ಹೊಳೀತಿದೆ. ಆಗ ಪಿಯಾನೋದ ಬಿಳೀ ಕೀಗಳನ್ನ ಮಾಡ್ತಿದ್ದಿದ್ದು ಅದೇ ದಂತದಿಂದ ಅಂತ ಹೇಳಬೇಕಿಲ್ಲ. ಅವರು ಕೊನೆಗೆ ಏನಂದ್ರು ಅಂತ ಅವಳು ಕೇಳ್ತಾಳೆ. ನಿಮ್ಮ ಹೆಸರು ಹೇಳಿದ್ರು ಅಂತ ಮಾರ್ಲೋ ಸುಳ್ಳು ಹೇಳ್ತಾನೆ. ಆ ಘೋರದ ಜಾಗದಲ್ಲಿ ಅವಳ ಹೆಸರು ಬಂದು ಕೂರುತ್ತೆ, ಆದ್ರೆ ಆ ಹೆಸರೇನು ಅಂತ ನಮಗೂ ಹೇಳಲ್ಲ.

ನಾನು ಈ ಪುಸ್ತಕ ಓದಿ ಮುಗಿಸಿದಾಗಲೆಲ್ಲ ಒಂದು ಫೋಟೋ ತೆಗೆದು ನೋಡ್ತೀನಿ. 1904ರ ಮೇ ತಿಂಗಳಲ್ಲಿ ಬರಿಂಗಾ ಅನ್ನೋ ಕಡೆ ಮಿಷನರಿ ಅಲೀಸ್ ಸೀಲಿ ಹ್ಯಾರಿಸ್ ತೆಗೆದದ್ದು. ಜಗಲಿ ಮೇಲೆ ಒಬ್ಬ ಮನುಷ್ಯ ಪಕ್ಕಕ್ಕೆ ತಿರುಗಿ ಕೂತಿದಾನೆ, ಮುಂದೆ ನೆಲದ ಮೇಲೆ ಒಂದು ಪುಟ್ಟ ಕೈ, ಒಂದು ಪುಟ್ಟ ಪಾದ. ರಬ್ಬರ್ ಕಂಪನಿಯ ಕಾವಲುಗಾರರು ಅವನ ಹೆಂಡತಿ ಮಗಳನ್ನ ಕೊಂದು ಉಳಿಸಿದ್ದು ಅದು. ಆ ಕಂಪನಿ ಹೆಸರು ಆಂಗ್ಲೋ-ಬೆಲ್ಜಿಯನ್ ಇಂಡಿಯಾ ರಬ್ಬರ್ ಕಂಪನಿ, ಇಂಡಿಯಾಗೂ ಅದಕ್ಕೂ ಸಂಬಂಧ ಇಲ್ಲ, ಆಗ ಇಂಗ್ಲಿಷಲ್ಲಿ ರಬ್ಬರಿಗೆ ಕರೀತಿದ್ದಿದ್ದೇ ಹಾಗೆ. ಫೋಟೋಲಿ ಅವನು ಅಳ್ತಿಲ್ಲ, ಕೂಗ್ತಿಲ್ಲ, ನಮ್ಮನ್ನೂ ನೋಡ್ತಿಲ್ಲ. ಅವನ ಹೆಸರು ಎನ್ಸಾಲಾ, ವಾಲಾ ಅನ್ನೋ ಊರಿನವನು. ಮಗಳ ಹೆಸರು ಬೊವಾಲಿ, ಐದು ವರ್ಷ.